ಮಾರ್ಗರೆಟ್‌ಳ ಪೂರ್ವಜರ ಜಾಡಿನಲ್ಲಿ

ವಂಶವೃಕ್ಷ ಎಂದೊಡನೆ ನಮಗೆ ನೆನಪಾಗುವುದು ಅರಸರು, ಜಹಗೀರುದಾರರು, ದೊಡ್ಡ ಮನೆತನದವರು. ಅವರಿಗೆ ಶಾಸನಗಳಿವೆ, ದಫ್ತರಗಳಿವೆ, ಹೊಗಳಿ ಬರೆಯಲು ಆಸ್ಥಾನದ ಪಂಡಿತರಿದ್ದರು. ಆದರೆ ಓದು ಬರಹವಿಲ್ಲದ, ಒಂದು ತುಂಡು ಭೂಮಿಯೂ ಇಲ್ಲದ, ತನ್ನ ದೇಹವೇ ಇನ್ನೊಬ್ಬನ ಸೊತ್ತಾಗಿದ್ದ ಹಳ್ಳಿಯ ಹೆಣ್ಣೊಬ್ಬಳಿಗೆ ವಂಶಾವಳಿ ಎಂಬುದು ಇರಲು ಸಾಧ್ಯವೇ? ಇದ್ದರೆ ಅದನ್ನು ಎಲ್ಲಿ ಹುಡುಕಬೇಕು?

ಈ ಪ್ರಶ್ನೆಯನ್ನು ಹಿಡಿದುಕೊಂಡು ನಾವು ಅಮೆರಿಕದ ಜಾರ್ಜಿಯಾ ರಾಜ್ಯದ ಕರಾವಳಿಗೆ ಹೋಗೋಣ. ಅಲ್ಲಿ ಮೆಕಿಂಟಾಷ್ ಕೌಂಟಿಗೆ ಸೇರಿದ ಸಪೆಲೊ ಎಂಬ ದ್ವೀಪವಿದೆ. ಉಪ್ಪುನೀರಿನ ಜವುಗು, ಓಕ್ ಮರಗಳು, ಮರಳು ನೆಲ. ಇಂದಿಗೂ ಅಲ್ಲಿಗೆ ಸೇತುವೆಯಿಲ್ಲ, ದೋಣಿಯಲ್ಲೇ ಹೋಗಬೇಕು. 19ನೆಯ ಶತಮಾನದಲ್ಲಿ ಆ ದ್ವೀಪದ ತೋಟದಲ್ಲಿ ಮಾರ್ಗರೆಟ್ ಎಂಬ ಮಹಿಳೆ ಬದುಕಿದ್ದರು. ಗುಲಾಮಗಿರಿಯಲ್ಲಿ ಬೆಳೆದವರು. ಹೆಸರು ನೋಡಿದರೆ ಅಪ್ಪಟ ಇಂಗ್ಲಿಷ್, ಅಪ್ಪಟ ಕ್ರೈಸ್ತ. ಆದರೆ ಅವರ ಬೇರು ಇದ್ದುದು ಸಾವಿರಾರು ಮೈಲಿ ಆಚೆಗಿನ ಪಶ್ಚಿಮ ಆಫ್ರಿಕಾದ ಒಂದು ಮುಸ್ಲಿಮ್ ಸಮಾಜದಲ್ಲಿ. ಇದು ಹೇಗೆ ತಿಳಿದುಬಂತು ಎಂಬುದೇ ಒಂದು ಪಾಠ.

ಹೆಸರಿಲ್ಲದ ದಾಖಲೆಗಳು

ಅಮೆರಿಕದಲ್ಲಿ 1790ರಿಂದಲೂ ಹತ್ತು ವರ್ಷಗಳಿಗೊಮ್ಮೆ ಜನಗಣತಿ ನಡೆಯುತ್ತಾ ಬಂದಿದೆ. ಯುರೋಪಿನಿಂದ ಬಂದ ಬಿಳಿಯರ ಕುಟುಂಬಗಳು ತಮ್ಮ ಹಿರಿಯರನ್ನು ಹುಡುಕಲು ಮೊದಲು ತೆರೆಯುವುದು ಈ ಗಣತಿಯ ಪುಟಗಳನ್ನೇ. 1850ರ ನಂತರವಂತೂ ಸ್ವತಂತ್ರ ಪ್ರಜೆಗಳೆಲ್ಲರ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಅದರಲ್ಲಿ ಸಿಗುತ್ತದೆ. ಗುಲಾಮರಿಗೆ ಮಾತ್ರ ಆ ಭಾಗ್ಯವಿರಲಿಲ್ಲ. 1850 ಮತ್ತು 1860ರ ಗಣತಿಯಲ್ಲಿ ಗುಲಾಮರಿಗಾಗಿಯೇ ಬೇರೆ ಪಟ್ಟಿ ಮಾಡಲಾಯಿತು. ಆ ಪಟ್ಟಿಯಲ್ಲಿ ಮಾಲೀಕನ ಹೆಸರಿರುತ್ತದೆ. ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ ಇಷ್ಟೇ. ದನದ ಕೊಟ್ಟಿಗೆಯ ಲೆಕ್ಕ ಬರೆದಂತೆ. ಹೆಸರಿನ ಜಾಗವೇ ಇಲ್ಲ.

ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೆ, 1870ರ ಗಣತಿಯಲ್ಲಿ, ಈ ಲಕ್ಷಾಂತರ ಜನರು ಮೊದಲ ಸಲ ಹೆಸರುಳ್ಳ ಮನುಷ್ಯರಾಗಿ ದಾಖಲಾದರು. ಆದ್ದರಿಂದಲೇ ಆಫ್ರಿಕನ್ ಅಮೆರಿಕನ್ ಕುಟುಂಬಗಳ ವಂಶ ಹುಡುಕುವವರು 1870ನ್ನು 'ಗೋಡೆ' ಎಂದು ಕರೆಯುತ್ತಾರೆ. ಅಲ್ಲಿಯ ತನಕ ಸಲೀಸಾಗಿ ಹಿಂದಕ್ಕೆ ಹೋಗಬಹುದು. ಅಲ್ಲಿ ಹಣೆ ಬಡಿಯುತ್ತದೆ. ಗೋಡೆಯನ್ನು ದಾಟಬೇಕಾದರೆ ಗುಲಾಮರ ಕಡತವನ್ನು ಬಿಟ್ಟು ಮಾಲೀಕರ ಕಡತವನ್ನು ಓದಬೇಕು: ಉಯಿಲು, ಸತ್ತವನ ಆಸ್ತಿಯ ಪಟ್ಟಿ, ಮಾರಾಟದ ರಸೀದಿ, ಅಡಮಾನದ ಪತ್ರ, ಓಡಿಹೋದವರನ್ನು ಹಿಡಿದುಕೊಡಿ ಎಂಬ ಜಾಹೀರಾತು. ತಾಯಿ ಮಕ್ಕಳನ್ನು ಬೇರ್ಪಡಿಸಿದ ಕಾಗದವೇ ಇಂದು ಅವರು ತಾಯಿ ಮಕ್ಕಳೆಂಬುದಕ್ಕೆ ಸಾಕ್ಷಿಯಾಗುತ್ತದೆ. ಇದಕ್ಕಿಂತ ಕ್ರೂರ ವ್ಯಂಗ್ಯ ಬೇರೊಂದಿರಲಾರದು.

ಮಾರ್ಗರೆಟ್ ಇದ್ದುದು ಗೋಡೆಯ ಆಚೆಬದಿಯಲ್ಲಿ. ಅವರನ್ನು ಈಚೆಗೆ ಕರೆತಂದದ್ದು ಕಾಗದವಲ್ಲ, ಅವರ ಮೊಮ್ಮಗಳ ನೆನಪು.

ಮೊಮ್ಮಗಳು ಹೇಳಿದ್ದು

1930ರ ದಶಕದಲ್ಲಿ ಅಮೆರಿಕ ಭಾರೀ ಆರ್ಥಿಕ ಕುಸಿತಕ್ಕೆ ಸಿಕ್ಕಿತ್ತು. ನಿರುದ್ಯೋಗಿ ಬರಹಗಾರರಿಗೆ ಕೆಲಸ ಕೊಡಲು ಅಧ್ಯಕ್ಷ ರೂಸ್‌ವೆಲ್ಟ್‌ರ ಸರಕಾರ ಒಂದು ಯೋಜನೆ ಹಾಕಿಕೊಂಡಿತು. ಅದರ ಜಾರ್ಜಿಯಾ ಶಾಖೆಯ ಸವನ್ನಾ ಘಟಕದವರು ಕರಾವಳಿಯ ಕರಿಯರ ಹಳ್ಳಿಗಳಲ್ಲಿ ಸುತ್ತಾಡಿ ವಯಸ್ಸಾದವರ ಮಾತುಗಳನ್ನು ಬರೆದುಕೊಂಡರು. ಆ ಸಂಗ್ರಹ 1940ರಲ್ಲಿ 'ಡ್ರಮ್ಸ್ ಆ್ಯಂಡ್ ಶ್ಯಾಡೋಸ್' ಎಂಬ ಪುಸ್ತಕವಾಗಿ ಪ್ರಕಟವಾಯಿತು.

ಸಪೆಲೊದಲ್ಲಿ ಅವರಿಗೆ ಸಿಕ್ಕ ಹಿರಿಯರಲ್ಲಿ ಕೇಟಿ ಬ್ರೌನ್ ಎಂಬವರೂ ಒಬ್ಬರು. ತನ್ನ ಮುತ್ತಜ್ಜನ ಹೆಸರು ಬಿಲಾಲಿ ಮುಹಮ್ಮದ್ ಎಂದು ಅವರು ಹೇಳಿದರು. ಮುತ್ತಜ್ಜಿ ಫೀಬಿ. ಆ ದಂಪತಿಗೆ ಬಹಳ ಹೆಣ್ಣುಮಕ್ಕಳು ಎಂದು ಹೇಳಿ ಹೆಸರುಗಳನ್ನೂ ಎಣಿಸಿದರು: ಮಾರ್ಗರೆಟ್, ಬಿಂತು, ಶಾರ್ಲಟ್, ಮದೀನಾ, ಯರುಬಾ, ಫಾತಿಮಾ, ಹೆಸ್ಟರ್. ಇವರಲ್ಲಿ ಮಾರ್ಗರೆಟ್ ಕೇಟಿಯ ಅಜ್ಜಿ.

ಈ ಏಳು ಹೆಸರುಗಳನ್ನು ಇನ್ನೊಮ್ಮೆ ಓದಿ. ಮಾರ್ಗರೆಟ್, ಶಾರ್ಲಟ್, ಹೆಸ್ಟರ್ ತೋಟದ ಮಾಲೀಕರ ಮನೆಗಳಲ್ಲಿ ಕೇಳಿಬರುತ್ತಿದ್ದ ಹೆಸರುಗಳು. ಫಾತಿಮಾ ಪ್ರವಾದಿಯವರ ಮಗಳ ಹೆಸರು. ಮದೀನಾ ಪ್ರವಾದಿಯವರ ನಗರ. ಬಿಂತು ಎಂಬುದರಲ್ಲಿ ಮಗಳು ಎಂಬ ಅರ್ಥದ 'ಬಿಂತ್' ಎಂಬ ಅರಬಿ ಪದ ಅಡಗಿದೆ. ಒಂದೇ ತಾಯಿ ತಂದೆಯ ಮಕ್ಕಳಲ್ಲಿ ಎರಡು ಲೋಕಗಳ ಹೆಸರುಗಳು ಬೆರೆತು ನಿಂತಿವೆ. ಯಾವ ಉಯಿಲಿನಲ್ಲೂ ಸಿಗದ ಚರಿತ್ರೆಯನ್ನು ಈ ಹೆಸರುಗಳ ಸಾಲು ಹೇಳುತ್ತದೆ.

ಬಿಲಾಲಿ ಮತ್ತು ಫೀಬಿ ಪ್ರಾರ್ಥನೆಯ ಹೊತ್ತನ್ನು ಬಹಳ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರಂತೆ. ಸೂರ್ಯ ಹುಟ್ಟುವಾಗ, ನೆತ್ತಿಗೆ ಬಂದಾಗ, ಮುಳುಗುವಾಗ. ಸಣ್ಣ ಚಾಪೆಯ ಮೇಲೆ ಮೊಣಕಾಲೂರಿ ಬಾಗುತ್ತಿದ್ದರು. ಉದ್ದನೆಯ ಮಣಿಸರ ಹಿಡಿದು ಬಿಲಾಲಿ ಏನನ್ನೋ ಹೇಳಿದಾಗ ಫೀಬಿ ಆಮೀನ್ ಅನ್ನುತ್ತಿದ್ದರು. ಬಿಲಾಲಿ ಹೇಳುತ್ತಿದ್ದ ಮಾತುಗಳನ್ನು ಕೇಟಿ ತನಗೆ ತಿಳಿದಂತೆ ಉಚ್ಚರಿಸಿ ತೋರಿಸಿದ್ದಾರೆ. ಅದರಲ್ಲಿ ಅಕ್ಬರ್ ಎಂಬ ಪದವನ್ನೂ ಮುಹಮ್ಮದ್ ಎಂಬ ಹೆಸರನ್ನೂ ಗುರುತಿಸುವುದು ಕಷ್ಟವಲ್ಲ. ಅವರು ಸೂರ್ಯನಿಗೆ ಬಾಗುತ್ತಿದ್ದರು ಎಂದು ಕೇಟಿ ಭಾವಿಸಿದ್ದರು. ಜಾರ್ಜಿಯಾದಿಂದ ಕಅಬಾ ಇರುವುದು ಪೂರ್ವ ಮತ್ತು ಈಶಾನ್ಯದ ನಡುವೆ. ಬೆಳಗಿನ ಹೊತ್ತು ಆ ಕಡೆ ಮುಖ ಮಾಡಿ ಸುಜೂದ್ ಮಾಡುವವನನ್ನು ವಿಷಯ ತಿಳಿಯದ ಯಾರು ಕಂಡರೂ ಹಾಗೆಯೇ ಅಂದುಕೊಂಡಾರು.

ಸನದು ಏನು?

ಹದೀಸ್ ವಿದ್ವಾಂಸರು ಒಂದು ವಚನವನ್ನು ಸ್ವೀಕರಿಸುವ ಮುನ್ನ 'ಸನದು' ಕೇಳುತ್ತಾರೆ. ಅಂದರೆ ಈ ಮಾತು ಯಾರಿಂದ ಯಾರಿಗೆ, ಅವರಿಂದ ಯಾರಿಗೆ ಬಂತು ಎಂಬ ಕೊಂಡಿ. ನಂತರ ಮಾತಿನ ಒಳಗನ್ನು ಪರೀಕ್ಷಿಸುತ್ತಾರೆ. ಮೌಖಿಕ ಚರಿತ್ರೆಗೂ ಇದೇ ಒರೆಗಲ್ಲು ಬೇಕು.

ಕೇಟಿ ಬ್ರೌನ್ ತಮ್ಮ ಸನದನ್ನು ತಾವೇ ಕೊಟ್ಟಿದ್ದಾರೆ. ಮುತ್ತಜ್ಜನ ಪ್ರಾರ್ಥನೆಯ ವಿವರವನ್ನು ಮಾರ್ಗರೆಟ್ ಮತ್ತು ಅವರ ಮಗಳು ಕೊಟ್ಟೊ ಹೇಳುತ್ತಿದ್ದರು ಎಂದು ಸ್ಪಷ್ಟಪಡಿಸಿದ್ದಾರೆ. ಅಂದರೆ ಕಂಡವರು ಹೇಳಿದರು, ಕೇಳಿದವರು ನೆನಪಿಟ್ಟರು. ಕೊಂಡಿ ಹರಿದಿಲ್ಲ. ಕೊಂಡಿಯಲ್ಲಿರುವವರೆಲ್ಲ ಹೆಂಗಸರು ಎಂಬುದನ್ನೂ ಗಮನಿಸಬೇಕು.

ಇನ್ನು ಬೇರೆ ಸಾಕ್ಷಿಗಳು. ಅದೇ ದ್ವೀಪದ ಷಾಡ್ ಹಾಲ್ ಬಿಲಾಲಿಯ ಇನ್ನೊಬ್ಬ ಮಗಳು ಹೆಸ್ಟರ್‌ಳ ಮೊಮ್ಮಗ. ಅವರೂ ಸರಿಸುಮಾರು ಇದೇ ವಿವರಗಳನ್ನು ಕೊಟ್ಟರು. ಹತ್ತಿರದ ಸೇಂಟ್ ಸೈಮನ್ಸ್ ದ್ವೀಪದ ಬೆನ್ ಸಲ್ಲಿವನ್ ತಮ್ಮ ಕಡೆಯ ಇಸ್ರೇಲ್ ಎಂಬ ಮುದುಕ ಪುಸ್ತಕವೊಂದನ್ನು ಅಡಗಿಸಿಟ್ಟುಕೊಂಡು, ಚಾಪೆ ಹಾಸಿ ಪ್ರಾರ್ಥಿಸುತ್ತಿದ್ದುದನ್ನು ನೆನಪಿಸಿಕೊಂಡರು. ಪಾಸಮ್ ಪಾಯಿಂಟ್‌ನ ರೋಸಾ ಗ್ರಾಂಟ್ ತಮ್ಮ ಅಜ್ಜಿ ರೈನಾ ಶುಕ್ರವಾರವನ್ನು ಪ್ರಾರ್ಥನೆಯ ದಿನ ಎನ್ನುತ್ತಿದ್ದರೆಂದರು. ಬೇರೆ ಬೇರೆ ಊರುಗಳ, ಬೇರೆ ಬೇರೆ ಕುಟುಂಬಗಳ ಮಾತುಗಳು ಒಂದೇ ಕಡೆ ಬೆರಳು ತೋರುತ್ತವೆ.

ಬಿಳಿಯ ಮಹಿಳೆಯೊಬ್ಬರ ಸಾಕ್ಷ್ಯವೂ ಇದೆ. ಜಾರ್ಜಿಯಾ ಬ್ರಯನ್ ಕಾನ್ರಾಡ್ ಎಂಬವರು 1901ರಲ್ಲಿ ಪ್ರಕಟಿಸಿದ ನೆನಪುಗಳಲ್ಲಿ, ಅಂತರ್ಯುದ್ಧಕ್ಕೆ ಮೊದಲು ಸಪೆಲೊದಲ್ಲಿ ತಾವು ಕಂಡ ಬಿಲಾಲಿ ಎಂಬ ಹಣ್ಣು ಹಣ್ಣು ಮುದುಕನನ್ನೂ ಆತನ ಮನೆಯವರನ್ನೂ ವರ್ಣಿಸಿದ್ದಾರೆ. ಆತ ತುರ್ಕಿ ಟೊಪ್ಪಿಯಂಥ ಟೊಪ್ಪಿ ಹಾಕುತ್ತಿದ್ದ. ಆ ಮನೆಯವರು ತಮ್ಮೊಳಗೆ ಬೇರೆಯೇ ಭಾಷೆಯಲ್ಲಿ ಮಾತಾಡುತ್ತಿದ್ದರು ಎಂದು ಬರೆದಿದ್ದಾರೆ.

ಅಕ್ಕಿಯಲ್ಲಿ ಉಳಿದ ಅರಬಿ ಪದ

ಮಾರ್ಗರೆಟ್‌ರ ಬಗ್ಗೆ ಮೊಮ್ಮಗಳು ಕಣ್ಣಾರೆ ಕಂಡು ಹೇಳಿದ ಎರಡು ಸಂಗತಿಗಳು ನಮ್ಮನ್ನು ತಡೆದು ನಿಲ್ಲಿಸುತ್ತವೆ.

ಒಂದು, ಬಟ್ಟೆ. ಇತರ ಹೆಂಗಸರು ತಲೆಗೆ ವಸ್ತ್ರವನ್ನು ಬಿಗಿಯಾಗಿ ಕಟ್ಟುತ್ತಿದ್ದರೆ ಅಜ್ಜಿ ಬಿಳಿಯ ಬಟ್ಟೆಯೊಂದನ್ನು ತಲೆಯ ಮೇಲಿಂದ ಹೆಗಲಿಗೆ ಇಳಿಬಿಡುತ್ತಿದ್ದರು. ಹಾಗೇಕೆ ಎಂದು ಮೊಮ್ಮಗಳಿಗೆ ಗೊತ್ತಿರಲಿಲ್ಲ. ಬಿಗಿಯಾಗಿ ಕಟ್ಟುವುದು ಅಜ್ಜಿಗೆ ಹಿಡಿಸುತ್ತಿರಲಿಲ್ಲವೇನೋ ಎಂದು ಅವರು ಊಹಿಸಿದರು.

ಎರಡು, ತಿಂಡಿ. ವರ್ಷಕ್ಕೊಮ್ಮೆ ಅದೇ ದಿನ ಅಜ್ಜಿ ಒಂದು ಚಪ್ಪಟೆ ತಿಂಡಿ ಮಾಡುತ್ತಿದ್ದರು. ಅದು ಮನೆಗೆ ದೊಡ್ಡ ದಿನ. ಅಕ್ಕಿ ತೊಳೆದು, ನೀರು ಬಸಿದು, ರಾತ್ರಿಯಿಡೀ ನೆನೆಯಲು ಬಿಡುವುದು. ಬೆಳಿಗ್ಗೆ ಉಬ್ಬಿದ ಅಕ್ಕಿಯನ್ನು ಮರದ ಒರಳಿಗೆ ಹಾಕಿ ಒನಕೆಯಿಂದ ಹಿಟ್ಟಾಗುವಂತೆ ಕುಟ್ಟುವುದು. ಜೇನೋ ಸಕ್ಕರೆಯೋ ಬೆರೆಸಿ ಕೈಯಲ್ಲೇ ತಟ್ಟುವುದು. ಮಾಡಿ ಮುಗಿದ ಮೇಲೆ ಮಕ್ಕಳನ್ನೆಲ್ಲ ಕರೆದು ಒಬ್ಬೊಬ್ಬರ ಕೈಗೂ ಒಂದೊಂದು ಇಡುವುದು. ಆ ತಿಂಡಿಗೆ ಅಜ್ಜಿ ಹೇಳುತ್ತಿದ್ದ ಹೆಸರು 'ಸರಕ'.

ಬರೆದುಕೊಂಡವರಿಗೆ ಆ ಪದದ ಗುಟ್ಟು ಹೊಳೆದಿರಲಿಲ್ಲ. ಸಿಲ್ವಿಯಾನ್ ದಿಯುಫ್ ಎಂಬ ಇತಿಹಾಸಕಾರ್ತಿ 1998ರಲ್ಲಿ ಪ್ರಕಟವಾದ 'ಸರ್ವೆಂಟ್ಸ್ ಆಫ್ ಅಲ್ಲಾಹ್' ಎಂಬ ಕೃತಿಯಲ್ಲಿ ಇದನ್ನು ಬಿಡಿಸಿ ತೋರಿಸಿದರು. ಪಶ್ಚಿಮ ಆಫ್ರಿಕಾದ ಮಾಂಡಿಂಗ್ ಭಾಷೆಗಳಲ್ಲಿ ಸರಕ ಎಂದರೆ ದಾನ. ಅದು ಅರಬಿಯ 'ಸದಕಾ' ಎಂಬ ಪದದ ಅಲ್ಲಿಯ ರೂಪ. ಆ ಪ್ರದೇಶದ ಮುಸ್ಲಿಮ್ ಹೆಂಗಸರು ಅಕ್ಕಿಯ ಉಂಡೆ ಮಾಡಿ ಮಕ್ಕಳಿಗೆ ಹಂಚುವುದು ದಾನದ ಒಂದು ಬಗೆ. ಸಪೆಲೊದ ಮಕ್ಕಳು ತಿಂಡಿಯ ಹೆಸರೆಂದು ತಿಳಿದದ್ದು ಕೊಡುವ ಕ್ರಿಯೆಯ ಹೆಸರಾಗಿತ್ತು.

ಸದಕಾ ಎಂಬ ಪದ ಕನ್ನಡ ನಾಡಿನ ಮುಸ್ಲಿಮ್ ಮನೆಗಳಿಗೆ ಹೊಸತಲ್ಲ. ಆದರೆ ಇಲ್ಲಿ ಒಂದು ಕ್ಷಣ ಯೋಚಿಸಬೇಕು. ದಾನ ಕೊಡುವವನು ಉಳ್ಳವನು ಎಂಬುದು ನಮ್ಮ ರೂಢಿಯ ಕಲ್ಪನೆ. ಇಲ್ಲಿ ಕೊಟ್ಟದ್ದು, ಕಾನೂನಿನ ಕಣ್ಣಿನಲ್ಲಿ ತನ್ನ ಮೈಯೂ ತನ್ನದಲ್ಲದ ಜನಸಮುದಾಯದ ಹೆಣ್ಣು. ಜಾರ್ಜಿಯಾದ ಕರಾವಳಿ ದ್ವೀಪಗಳಲ್ಲಿ ಗುಲಾಮರಿಗೆ ದಿನಕ್ಕೆ ಇಷ್ಟು ಕೆಲಸ ಎಂದು ಗೊತ್ತುಮಾಡುವ ಪದ್ಧತಿ ಇತ್ತು. ಅಷ್ಟನ್ನು ಮುಗಿಸಿದರೆ ಉಳಿದ ಹೊತ್ತು ತಮ್ಮದು. ಹಾಗೆ ಉಳಿಸಿಕೊಂಡ ಹೊತ್ತಿನಲ್ಲಿ ಬೆಳೆದದ್ದು, ಕುಟ್ಟಿದ್ದು, ಬೇಯಿಸಿದ್ದೇ ಆ ಜನರ ಸ್ವಂತ ಬದುಕು. ಕೊಡುವ ಮೂಲಕ ಬಿಲಾಲಿಯ ಮನೆಯ ಹೆಂಗಸರು ತಾವು ಯಾರ ಸೊತ್ತೂ ಅಲ್ಲ ಎಂದು ತಮಗೆ ತಾವೇ ಹೇಳಿಕೊಂಡಿರಬೇಕು.

ತಂದೆ ಬಿಟ್ಟುಹೋದ ಕಾಗದ

ಮಾರ್ಗರೆಟ್‌ರ ತಂದೆ ಬಿಲಾಲಿಗೆ ಓದು ಬರಹ ಬರುತ್ತಿತ್ತು. ಇಂದಿನ ಗಿನಿ ದೇಶದ ಫೂಟಾ ಜಲ್ಲೋನ್ ಎತ್ತರದ ನಾಡಿನ ತಿಂಬೊ ಎಂಬ ಊರು ಆತನ ಹುಟ್ಟೂರೆಂದು ವಿದ್ವಾಂಸರು ಗುರುತಿಸಿದ್ದಾರೆ. 18ನೆಯ ಶತಮಾನದಲ್ಲಿ ಅದು ಫುಲಾನಿ ಮುಸ್ಲಿಮರ ಇಮಾಮರು ಆಳುತ್ತಿದ್ದ ರಾಜ್ಯದ ರಾಜಧಾನಿ. ಮದ್ರಸಗಳಿಗೆ ಹೆಸರಾದ ಸೀಮೆ. ಎಳೆಯ ವಯಸ್ಸಿನಲ್ಲೇ ಸೆರೆಸಿಕ್ಕಿ, ಬಹಾಮಾಸ್ ದ್ವೀಪಗಳಿಗೆ ಸಾಗಿಸಲ್ಪಟ್ಟು, 19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಸಪೆಲೊದ ಮಾಲೀಕ ಥಾಮಸ್ ಸ್ಪಾಲ್ಡಿಂಗ್‌ಗೆ ಮಾರಾಟವಾದ.

1850ರ ದಶಕದಲ್ಲಿ ತೀರಿಕೊಳ್ಳುವ ಮುನ್ನ ಬಿಲಾಲಿ ತನ್ನ ಕೈಬರಹದ ಪುಟ್ಟ ಪುಸ್ತಕವೊಂದನ್ನು ಫ್ರಾನ್ಸಿಸ್ ಗೌಲ್ಡಿಂಗ್ ಎಂಬ ಪಾದ್ರಿ-ಲೇಖಕನಿಗೆ ಕೊಟ್ಟ. ಚರ್ಮದ ಹೊದಿಕೆ, 13 ಪುಟ, ಅರಬಿ ಲಿಪಿ. 1931ರಲ್ಲಿ ಗೌಲ್ಡಿಂಗ್‌ನ ಮಗ ಅದನ್ನು ಜಾರ್ಜಿಯಾದ ರಾಜ್ಯ ಗ್ರಂಥಾಲಯಕ್ಕೆ ಒಪ್ಪಿಸಿದ. ಗುಲಾಮನೊಬ್ಬನ ದಿನಚರಿ ಎಂದೇ ಎಲ್ಲರೂ ನಂಬಿದ್ದರು. ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ ಅದರ ಪ್ರತಿಯನ್ನು ನೈಜೀರಿಯಾದ ಕಾನೊ ನಗರಕ್ಕೆ ಒಯ್ದು ಅಲ್ಲಿಯ ಉಲಮಾಗಳ ಮುಂದಿಟ್ಟರು. ಅದು ದಿನಚರಿಯಲ್ಲ ಎಂದು 1940ರಲ್ಲಿ ಅವರು ಬರೆದರು. ಅದರಲ್ಲಿದ್ದುದು ಹತ್ತನೆಯ ಶತಮಾನದ ಮಾಲಿಕಿ ವಿದ್ವಾಂಸ ಇಬ್ನ್ ಅಬೀ ಝೈದ್ ಅಲ್ ಕೈರವಾನಿಯವರ 'ರಿಸಾಲ' ಗ್ರಂಥದ ಭಾಗಗಳು: ವುಝೂ ಮಾಡುವ ಕ್ರಮ, ಅಝಾನ್, ನಮಾಝಿನ ವಿಧಿಗಳು. ಹಲವು ಕಡೆ ತಪ್ಪುಗಳಿವೆ, ಪದಗಳು ಮುರಿದಿವೆ. ಬಾಲ್ಯದ ಪಾಠವನ್ನು ಮುದುಕನೊಬ್ಬ ಪುಸ್ತಕದ ನೆರವಿಲ್ಲದೆ ನೆನಪಿನಿಂದ ಬರೆದಿರಬೇಕೆಂದು ಊಹಿಸಲಾಗಿದೆ. ಈಗ ಆ ಹಸ್ತಪ್ರತಿ ಜಾರ್ಜಿಯಾ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿದೆ.

ಇಲ್ಲಿಯೇ ನಮಗೆ ಒಂದು ಸತ್ಯ ಗೋಚರಿಸುತ್ತದೆ. ತಂದೆಯ ಕಾಗದದಲ್ಲಿ ವುಝೂವಿನ ನಿಯಮವಿದೆ, ಹೆಣ್ಣುಮಕ್ಕಳ ಹೆಸರಿಲ್ಲ. ಮೊಮ್ಮಗಳ ನೆನಪಿನಲ್ಲಿ ಹೆಣ್ಣುಮಕ್ಕಳೆಲ್ಲರ ಹೆಸರಿದೆ, ತಾರೀಕು ಇಲ್ಲ. ಕಾಗದವನ್ನಷ್ಟೇ ನಂಬಿದ್ದರೆ ನಮಗೆ ಒಬ್ಬ ಅರಬಿ ಬಲ್ಲ ಗುಲಾಮ ಸಿಗುತ್ತಿದ್ದ, ಕುಟುಂಬ ಸಿಗುತ್ತಿರಲಿಲ್ಲ. ನೆನಪನ್ನಷ್ಟೇ ನಂಬಿದ್ದರೆ ಅದೊಂದು ಅಜ್ಜಿಕತೆ ಎಂದು ಬದಿಗೆ ಸರಿಸುವವರಿದ್ದರು. ಎರಡನ್ನೂ ಜೋಡಿಸಿದಾಗ ವಂಶಾವಳಿ ನಿಲ್ಲುತ್ತದೆ. ಗೋಡೆಯಲ್ಲಿ ಬಾಗಿಲು ತೆರೆದುಕೊಂಡದ್ದು ಹೀಗೆ.

ಅಹಿತಕರವಾದದ್ದನ್ನೂ ಹೇಳಬೇಕು

ಇಂಥ ಕತೆಗಳನ್ನು ಓದುವಾಗ ಹೆಮ್ಮೆಯಿಂದ ಎದೆ ಉಬ್ಬಿಸಿಕೊಳ್ಳುವುದು ಸುಲಭ. ಆದರೆ ಚರಿತ್ರೆ ನಮ್ಮ ಹೆಮ್ಮೆಗೆ ತಕ್ಕಂತೆ ನಡೆದುಕೊಳ್ಳುವುದಿಲ್ಲ. ಬಿಲಾಲಿ ಸ್ಪಾಲ್ಡಿಂಗ್‌ನ ತೋಟದ ಮೇಲ್ವಿಚಾರಕನಾಗಿದ್ದ. ನೂರಾರು ಗುಲಾಮರಿಂದ ಕೆಲಸ ತೆಗೆಸುವ ಹೊಣೆ ಆತನದು. 1812ರಲ್ಲಿ ಶುರುವಾದ ಯುದ್ಧದಲ್ಲಿ ಬ್ರಿಟಿಷರು ಈ ಕರಾವಳಿಗೆ ಬಂದಾಗ ದ್ವೀಪ ಕಾಯಲು ಮಾಲೀಕ ಆತನ ಕೈಗೆ ಬಂದೂಕುಗಳನ್ನು ಕೊಟ್ಟನಂತೆ. ಆಗ ಆತ ಮುಸ್ಲಿಮ್ ಗುಲಾಮರ ನಿಷ್ಠೆಗೆ ಮಾತ್ರ ತಾನು ಜಾಮೀನು ಎಂದು ಹೇಳಿ, ಇತರರನ್ನು ಕೀಳುಮಾತಿನಿಂದ ಹಳಿದ ಎಂಬ ಐತಿಹ್ಯವೂ ಇದೆ. ಅದು ಬಿಳಿಯ ಮಾಲೀಕರ ಕಡೆಯಿಂದ ಬಂದ ಮಾತಾದುದರಿಂದ ಅದಕ್ಕೂ ಸನದಿನ ಪ್ರಶ್ನೆ ಕೇಳಬೇಕು. ಆದರೂ ಮೇಲ್ವಿಚಾರಕನ ಮಗಳಾಗಿದ್ದುದು ಮಾರ್ಗರೆಟ್‌ರ ಬದುಕನ್ನು ಹೊಲದ ಇತರ ಹೆಂಗಸರ ಬದುಕಿಗಿಂತ ತುಸು ಹಗುರಗೊಳಿಸಿರಬಹುದು. ಈ ಕುಟುಂಬ ಚದುರಿಹೋಗದೆ ಒಂದೇ ದ್ವೀಪದಲ್ಲಿ ಉಳಿದುದಕ್ಕೂ ಅದೇ ಕಾರಣವಿರಬಹುದು. ಎಷ್ಟೋ ಮಾರ್ಗರೆಟ್‌ಗಳ ಮಕ್ಕಳು ಸಂತೆಯಲ್ಲಿ ಮಾರಾಟವಾದುದರಿಂದ ಅವರ ಮಾತನ್ನು ನೆನಪಿಡಲು ಮೊಮ್ಮಗಳೇ ಬಳಿಯಲ್ಲಿರಲಿಲ್ಲ.

ಕೇಟಿ ಬ್ರೌನ್‌ರ ತಲೆಮಾರನ್ನು ಮುಸ್ಲಿಮರೆಂದು ಎಣಿಸುವುದೂ ಸರಿಯಲ್ಲ. 1866ರಲ್ಲೇ ಸಪೆಲೊದಲ್ಲಿ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚ್ ಸ್ಥಾಪನೆಯಾಯಿತು. ವಿಮೋಚನೆಯ ನಂತರ ಆ ಜನರನ್ನು ಒಗ್ಗೂಡಿಸಿದ್ದು, ಕಷ್ಟಕ್ಕೆ ನಿಂತದ್ದು ಆ ಚರ್ಚು. ಅವರ ಕ್ರೈಸ್ತ ನಂಬಿಕೆ ಅವರದೇ. ಅದನ್ನು ಗೌರವಿಸಿಯೇ ಅವರ ಅಜ್ಜಿಯ ಸರಕದ ಬಗ್ಗೆ ಮಾತಾಡಬೇಕು. ಪೂರ್ವಜರನ್ನು ಹುಡುಕುವುದೆಂದರೆ ಸತ್ತವರನ್ನು ನಮ್ಮ ಪಕ್ಷಕ್ಕೆ ಸೇರಿಸಿಕೊಳ್ಳುವುದಲ್ಲ.

ಜಾಡು ಇಂದಿಗೂ ಇದೆ

ಈ ಜಾಡನ್ನು ನಮ್ಮ ಕಾಲದವರೆಗೆ ತಂದವರು ಕಾರ್ನೀಲಿಯಾ ವಾಕರ್ ಬೈಲಿ. 1945ರಲ್ಲಿ ಸಪೆಲೊದಲ್ಲೇ ಹುಟ್ಟಿದ ಅವರು ತಮ್ಮನ್ನು ಬಿಲಾಲಿಯ ವಂಶದವರೆಂದು ಗುರುತಿಸಿಕೊಂಡಿದ್ದರು. 2000ದಲ್ಲಿ ತಮ್ಮ ಆತ್ಮಕತೆಯನ್ನು ಪ್ರಕಟಿಸಿ ದ್ವೀಪದ ನೆನಪುಗಳನ್ನು ಅಕ್ಷರಕ್ಕಿಳಿಸಿದರು. 2017ರಲ್ಲಿ ತೀರಿಕೊಂಡರು.

ದ್ವೀಪದ ಕರಿಯರ ನೆಲ ಮಾತ್ರ ಕುಗ್ಗುತ್ತಾ ಬಂತು. 1934ರಲ್ಲಿ ದ್ವೀಪದ ಬಹುಭಾಗವನ್ನು ಕೊಂಡ ತಂಬಾಕು ಕುಬೇರ ಆರ್.ಜೆ. ರೆನಾಲ್ಡ್ಸ್‌ನ ಕಾಲದಲ್ಲಿ ಬೇರೆ ಬೇರೆ ಹಳ್ಳಿಗಳ ಜನರನ್ನು ಹಾಗ್ ಹ್ಯಾಮಕ್ ಎಂಬ ಒಂದೇ ಕಡೆಗೆ ಸರಿಸಲಾಯಿತು. 2023ರಲ್ಲಿ ಕೌಂಟಿಯು ದೊಡ್ಡ ಮನೆಗಳಿಗೆ ಅವಕಾಶ ಕೊಡುವಂತೆ ನಿಯಮ ಬದಲಾಯಿಸಿದಾಗ, ತೆರಿಗೆ ಏರಿ ತಾವು ನೆಲ ಬಿಡಬೇಕಾದೀತೆಂದು ಅಲ್ಲಿಯವರು ಪ್ರತಿಭಟಿಸಿದರು. 2024ರ ಅಕ್ಟೋಬರ್‌ನಲ್ಲಿ ದ್ವೀಪದ ಸಾಂಸ್ಕೃತಿಕ ದಿನದಂದು ದೋಣಿಕಟ್ಟೆಯ ನಡೆಹಲಗೆ ಕುಸಿದು 7 ಮಂದಿ ಪ್ರಾಣ ಕಳೆದುಕೊಂಡರು. ವಂಶಾವಳಿ ಎಂಬುದು ಕಾಗದ ಮತ್ತು ನೆನಪುಗಳಲ್ಲಿ ಮಾತ್ರವಲ್ಲ, ಕಾಲೂರಲು ಇರುವ ನೆಲದಲ್ಲೂ ಬದುಕುತ್ತದೆ ಎಂಬುದನ್ನು ಅಲ್ಲಿಯ ಜನ ಬಲ್ಲರು.

ಇಂದು ಎಂಜಲಿನ ಪರೀಕ್ಷೆಯಿಂದ ಡಿಎನ್‌ಎ ನೋಡಿ ಪೂರ್ವಜರ ಸೀಮೆಯನ್ನು ಅಂದಾಜಿಸುವ ಸೌಲಭ್ಯ ಬಂದಿದೆ. ಗೋಡೆ ದಾಟಲು ಅನೇಕರಿಗೆ ಅದು ನೆರವಾಗಿದೆ. ಆದರೆ ಯಾವ ಪರೀಕ್ಷೆಯೂ ಮಾರ್ಗರೆಟ್‌ರ ಬಿಳಿವಸ್ತ್ರವನ್ನು ತೋರಿಸಲಾರದು. ರಾತ್ರಿ ನೆನೆಹಾಕಿದ ಅಕ್ಕಿಯ ಬಗ್ಗೆ ಹೇಳಲಾರದು. ಅದನ್ನು ಹೇಳಲು ಅಜ್ಜಿಯ ಬಳಿ ಕುಳಿತು ಕೈಯೊಡ್ಡಿದ ಮಗುವೇ ಬೇಕು.

ಆ ಮಗುವಿಗೆ ಪದದ ಅರ್ಥ ಗೊತ್ತಿರಲಿಲ್ಲ. ಆದರೂ ಪದವನ್ನು ಕೆಡಿಸದೆ ಕಾಪಾಡಿತು. ಮುದುಕಿಯಾದ ಮೇಲೆ ಯಾರೋ ಅಪರಿಚಿತರು ಬಂದು ಕೇಳಿದಾಗ, ತಯಾರಿಸುವ ಕ್ರಮದ ಸಮೇತ ಅವರ ಕೈಗಿಟ್ಟಿತು. ನಮ್ಮ ಮನೆಗಳ ಹಿರಿಯ ಹೆಂಗಸರ ಬಾಯಲ್ಲೂ ಅರ್ಥ ಮರೆತುಹೋದ ಇಂಥ ಪದಗಳಿರಬಹುದು, ಕಾರಣ ಗೊತ್ತಿಲ್ಲದ ತಿಂಡಿಗಳಿರಬಹುದು. ಅವರು ಇರುವಾಗಲೇ ಹೋಗಿ ಕೇಳೋಣ. ಕೇಳಿದ್ದನ್ನು, ಯಾರಿಂದ ಕೇಳಿದೆವೆಂಬುದರ ಸಮೇತ ಬರೆದಿಡೋಣ.